ಎಲೆ ಗೊತ್ತು, ಅಳತೆ ಗೊತ್ತಿಲ್ಲ

ಬೆಂಗಳೂರಿನ ಶಿವಾಜಿನಗರದ ಗ್ರಂಧಿಗೆ ಅಂಗಡಿಗಳಲ್ಲಿ ಬೇರು, ತೊಗಟೆ ಕೇಳುವ ಗಿರಾಕಿಗಳು ಇನ್ನೂ ಇದ್ದಾರೆ. ಇಂದಿರಾನಗರದ ಬಾಲ್ಕನಿಗಳಲ್ಲಿ ಅಮೃತಬಳ್ಳಿ ಹಬ್ಬುತ್ತಲೇ ಇದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಅನೇಕ ಗಿಡಗಳು ಹುಳು, ದನಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಆಲ್ಕಲಾಯ್ಡ್‌ ಎಂಬ ಸಾರಜನಕಯುಕ್ತ ಕಹಿ ವಸ್ತುಗಳನ್ನು ತಯಾರಿಸುತ್ತವೆ. ಅವು ನಮ್ಮ ನರ, ಹೃದಯ, ರಕ್ತದ ಮೇಲೆ ನಿಜಕ್ಕೂ ಕೆಲಸ ಮಾಡುತ್ತವೆ. ತೊಂದರೆ ಇರುವುದು ವಾಟ್ಸಾಪಿನಲ್ಲೂ ಪಾರ್ಕಿನ ಬೆಂಚಿನಲ್ಲೂ ನಾವು ಕೇಳಿ, ನಂಬಿ, ಇನ್ನೊಬ್ಬರಿಗೆ ದಾಟಿಸಿದ ಮಾತುಗಳಲ್ಲಿ.

ತಪ್ಪು ಕಲ್ಪನೆ: ಖಾಲಿ ಹೊಟ್ಟೆಯಲ್ಲಿ ನಿತ್ಯಪುಷ್ಪದ ನಾಲ್ಕು ಎಲೆ ಅಗಿದರೆ ಸಕ್ಕರೆ ಕಾಯಿಲೆ ಇಳಿಯುತ್ತದೆ, ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ.

ವಾಸ್ತವ: ಹಲಸೂರಿನ ಹಳೆಯ ಮನೆಗಳ ಮುಂದೆ ತಾನಾಗಿ ಹುಟ್ಟಿಕೊಳ್ಳುವ ಈ ಕಾಶಿ ಕಣಗಿಲೆಯ ತವರು ಮಡಗಾಸ್ಕರ್. ಜಮೈಕಾದ ಜನರೂ ಸಕ್ಕರೆ ಕಾಯಿಲೆಗೆಂದು ಇದರ ಕಷಾಯ ಕುಡಿಯುತ್ತಿದ್ದರು. ಅಲ್ಲಿಂದ ಬಂದ ಎಲೆಗಳನ್ನು 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಪರೀಕ್ಷೆಗೆ ಒಡ್ಡಿದರು. ಇಲಿಗಳ ಬಾಯಿಗೆ ಹಾಕಿದಾಗ ರಕ್ತದ ಸಕ್ಕರೆ ಇಳಿಯಲಿಲ್ಲ. ಸೂಜಿಯಲ್ಲಿ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು, ಏಕೆಂದರೆ ಬಿಳಿ ರಕ್ತಕಣಗಳು ಕುಸಿದಿದ್ದವು. ಬಿಳಿ ಕಣಗಳು ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದನ್ನೇ ಏಕೆ ಬಳಸಬಾರದು ಎಂಬ ಜಾಡು ಹಿಡಿದು 1958ರ ಹೊತ್ತಿಗೆ ವಿನ್‌ಬ್ಲಾಸ್ಟಿನ್, ಆಮೇಲೆ ವಿನ್‌ಕ್ರಿಸ್ಟಿನ್ ಬಂದವು. ಮಕ್ಕಳ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯ ಔಷಧ.

ಆದರೆ ಎಲೆಯಲ್ಲಿ ಅದು ಎಷ್ಟಿದೆ? ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಆಸ್ಪತ್ರೆಯಲ್ಲಿ ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತನಾಳಕ್ಕೆ ಮಾತ್ರ, ರಕ್ತಪರೀಕ್ಷೆ ನೋಡಿಕೊಂಡು ಕೊಡುತ್ತಾರೆ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಜೀವಕ್ಕೇ ಅಪಾಯ. ಕೈಕಾಲು ಜೋಮು ಹಿಡಿಸುವುದು ಅದರ ಹೆಸರಾಂತ ಅಡ್ಡಪರಿಣಾಮ. ನಾಲ್ಕು ಎಲೆ ಅಗಿದರೆ ಈ ಔಷಧವಂತೂ ಸಿಗುವುದಿಲ್ಲ, ಗಿಡದ ಉಳಿದ ಹತ್ತಾರು ಆಲ್ಕಲಾಯ್ಡ್‌ಗಳು ಮಾತ್ರ ಅಳತೆಯಿಲ್ಲದೆ ಹೊಟ್ಟೆಗೆ ಹೋಗುತ್ತವೆ. ಸಕ್ಕರೆಗೆ ಗಿಡಮೂಲದ ಮದ್ದೇ ಬೇಕು ಎನ್ನುವವರು ಇನ್ನೊಂದು ವಿಷಯ ತಿಳಿದಿರಲಿ: ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಯುರೋಪಿನ ಗಲೀಗ ಎಂಬ ಗಿಡವೇ. ಅದರ ವಿಷಕಾರಿ ಅಂಶದ ರಚನೆಯನ್ನು ತಿದ್ದಿ ತೀಡಿ ಪಡೆದ ಬಳಗದ ಔಷಧ ಅದು.

ತಪ್ಪು ಕಲ್ಪನೆ: ಟಾನಿಕ್ ವಾಟರಿನಲ್ಲಿ ಕ್ವಿನೈನ್ ಇರುವುದರಿಂದ ಅದನ್ನು ಕುಡಿಯುವವರಿಗೆ ಮಲೇರಿಯಾ ಬರುವುದಿಲ್ಲ, ದಂಡಿನ ಬ್ರಿಟಿಷ್ ದೊರೆಗಳು ಹಾಗೆಯೇ ಬದುಕಿದರು.

ವಾಸ್ತವ: ನೂರಡಿ ರಸ್ತೆಯ ಪಬ್ಬುಗಳಿಗೆ ಈ ಕಥೆ ಹೇಳಿ ಮಾಡಿಸಿದಂತಿದೆ. ಸಿಂಕೋನ ತೊಗಟೆಯಿಂದ 1820ರಲ್ಲಿ ಪ್ಯಾರಿಸಿನ ಪೆಲೆಟಿಯೆ, ಕಾವೆಂತು ಬೇರ್ಪಡಿಸಿದ ಕ್ವಿನೈನ್ ಲಕ್ಷಾಂತರ ಜೀವ ಉಳಿಸಿದ್ದು ನಿಜ. ಅದಕ್ಕಾಗಿಯೇ 1860ರ ದಶಕದಲ್ಲಿ ನೀಲಗಿರಿಯಲ್ಲಿ ಸಿಂಕೋನ ತೋಟಗಳು ಎದ್ದವು. ಇಂದಿನ ಟಾನಿಕ್ ವಾಟರಿನ ಲೆಕ್ಕವೇ ಬೇರೆ. ಅಮೆರಿಕದ ನಿಯಮದ ಪ್ರಕಾರ ಲೀಟರಿಗೆ 83 ಮಿಲಿಗ್ರಾಂ ಮೀರುವಂತಿಲ್ಲ. ಮಲೇರಿಯಾ ಬಂದ ವಯಸ್ಕರಿಗೆ ದಿನಕ್ಕೆ ಸುಮಾರು 1800 ಮಿಲಿಗ್ರಾಂ ಬೇಕಾಗುತ್ತದೆ. ಅಂದರೆ ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನ್ ಪೂರ್ತಿ ಟಾನಿಕ್ ಕುಡಿದರೂ ಸಾಲದು. ಜೊತೆಗೆ ಜಿನ್ ಬೆರೆಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ದಂಡಿನ ವಿಷಯಕ್ಕೆ ಬಂದರೆ, 1883ರಲ್ಲಿ ಇಲ್ಲಿ ಸೇನಾ ವೈದ್ಯನಾಗಿದ್ದ ರೊನಾಲ್ಡ್ ರಾಸ್ ತನ್ನ ಬಂಗಲೆಯ ಬಳಿಯ ತೊಟ್ಟಿಯ ನೀರು ಚೆಲ್ಲಿಸಿದ, ಸೊಳ್ಳೆ ಕಡಿಮೆಯಾದವು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ಅವನೇ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ನೀರು ಚೆಲ್ಲುವ ಆ ಉಪಾಯಕ್ಕೆ ಇಂದೂ ಬಲವಿದೆ. ಮಲೇರಿಯಾಕ್ಕೆ ಈಗ ಬಳಸುವ ಆರ್ಟಿಮಿಸಿನಿನ್ ಬಳಗದ ಔಷಧಗಳ ಮೂಲ ನಮ್ಮ ದವನದ ಕುಲಕ್ಕೇ ಸೇರಿದ ಇನ್ನೊಂದು ಗಿಡ. ಹಾಗೆಂದು ಹೂವಿನ ಅಂಗಡಿಯ ದವನ ತಂದು ಕುದಿಸಬೇಡಿ.

ತಪ್ಪು ಕಲ್ಪನೆ: ಉಬ್ಬಸಕ್ಕೆ ಉಮ್ಮತ್ತಿ ಎಲೆಯ ಹೊಗೆ ರಾಮಬಾಣ.

ವಾಸ್ತವ: ಹೊಗೆ ಎಳೆದರೆ ಶ್ವಾಸನಾಳ ಸಡಿಲವಾಗುವುದು ಸುಳ್ಳಲ್ಲ. ಒಂದು ಕಾಲಕ್ಕೆ ಯುರೋಪಿನಲ್ಲೂ ಉಮ್ಮತ್ತಿಯ ಸಿಗರೇಟು ಮಾರುತ್ತಿದ್ದರು. ಆದರೆ ಆಲ್ಕಲಾಯ್ಡ್ ಪ್ರಮಾಣ ಗಿಡದಿಂದ ಗಿಡಕ್ಕೆ, ಎಲೆಯಿಂದ ಬೀಜಕ್ಕೆ ಬದಲಾಗುತ್ತದೆ. ಸ್ವಲ್ಪ ಹೆಚ್ಚಾದರೆ ಬಾಯಿ ಒಣಗಿ, ಎದೆ ಬಡಿದುಕೊಂಡು, ಬುದ್ಧಿ ಭ್ರಮಿಸುತ್ತದೆ. ಅದೇ ಗುಂಪಿನ ಅಟ್ರೋಪಿನ್, ಕೀಟನಾಶಕ ಕುಡಿದು ತುರ್ತು ಘಟಕಕ್ಕೆ ಬಂದವರನ್ನು ಉಳಿಸುತ್ತದೆ, ನಾಡಿ ನೋಡುತ್ತಾ ಅಳೆದು ಕೊಟ್ಟಾಗ. ಉಸಿರಾಟದ ತೊಂದರೆಗೆ ಕೊಡುವ ಐಪ್ರಟ್ರೋಪಿಯಂ ಇನ್‌ಹೇಲರ್ ಅಟ್ರೋಪಿನ್‌ನದೇ ತಿದ್ದಿದ ರೂಪ.

ತಪ್ಪು ಕಲ್ಪನೆ: ಇಂಗ್ಲಿಷ್ ಮದ್ದಿನವರಿಗೆ ನಾಡಗಿಡಗಳೆಂದರೆ ತಾತ್ಸಾರ.

ವಾಸ್ತವ: ತಾತ್ಸಾರ ಮಾಡಿದವರೂ ಇದ್ದಾರೆ, ಒಪ್ಪೋಣ. ಆದರೆ ಸರ್ಪಗಂಧದ ಕಥೆ ಬೇರೆಯೇ ಹೇಳುತ್ತದೆ. ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ 1931ರಲ್ಲಿ ಅದರ ಬೇರಿನಿಂದ ತೆಗೆದ ಆಲ್ಕಲಾಯ್ಡ್‌ಗೆ ಯುನಾನಿ ಹಕೀಮ್ ಅಜ್ಮಲ್ ಖಾನರ ಹೆಸರಿಟ್ಟರು. ಹೃದಯದ ಬಡಿತದ ಒಂದು ವಿರಳ ದೋಷವನ್ನು ಪತ್ತೆಹಚ್ಚಲು ಆ ಅಜ್ಮಲಿನ್ ಈಗಲೂ ಬಳಕೆಯಲ್ಲಿದೆ. ಮುಂಬೈನ ವೈದ್ಯ ರುಸ್ತುಂ ವಕೀಲ್ 1949ರಲ್ಲಿ ರಕ್ತದೊತ್ತಡದ ಮೇಲೆ ಸರ್ಪಗಂಧದ ಪ್ರಭಾವವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ಅದರ ಹಿಂದೆ ಬಿತ್ತು. 1952ರಲ್ಲಿ ರಿಸರ್ಪಿನ್ ಸಿಕ್ಕಿತು. ಮನಸ್ಸು ಕುಗ್ಗಿಸುತ್ತದೆ ಎಂಬ ದೂರು ಬಂದಿತು, ಬಳಕೆ ಇಳಿಯಿತು. ಗಿಡಕ್ಕೂ ಮಾತ್ರೆಗೂ ಪರೀಕ್ಷೆ ಒಂದೇ.

ತಪ್ಪು ಕಲ್ಪನೆ: ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕಿದರೆ ಏನೂ ಆಗದು.

ವಾಸ್ತವ: ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದೆ.

ತಪ್ಪು ಕಲ್ಪನೆ: ಅಮೃತಬಳ್ಳಿ ಕಷಾಯ ಎಷ್ಟು ದಿನ ಕುಡಿದರೂ ಕೆಡುಕಿಲ್ಲ, ಅದನ್ನು ಡಾಕ್ಟರಿಗೆ ಹೇಳಬೇಕಾಗಿಯೂ ಇಲ್ಲ.

ವಾಸ್ತವ: ಕೋವಿಡ್ ಕಾಲದಲ್ಲಿ ನಾವೆಲ್ಲ ಕುಡಿದವರೇ, ಬಹುತೇಕರಿಗೆ ಏನೂ ಆಗಲಿಲ್ಲ. ಆದರೆ ದೇಶದ 13 ಕೇಂದ್ರಗಳ ವೈದ್ಯರು 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಇದನ್ನು ಸೇವಿಸಿದ ಮೇಲೆ ಯಕೃತ್ತಿಗೆ ಪೆಟ್ಟಾದ 43 ರೋಗಿಗಳಿದ್ದಾರೆ. ದೇಹದ ರೋಗನಿರೋಧಕ ಶಕ್ತಿ ಕೆರಳಿ ತನ್ನದೇ ಯಕೃತ್ತಿನ ಮೇಲೆ ತಿರುಗಿದ ಲಕ್ಷಣ ಅವರಲ್ಲಿ ಕಂಡಿತು. ಅದೇ ಜಾತಿಯ ಬೇರೆ ಬಳ್ಳಿ ಬೆರಕೆಯಾಗಿರಬಹುದು ಎಂಬುದು ಆಯುಷ್ ಸಚಿವಾಲಯದ ವಾದ. ಆ ವಾದವನ್ನೇ ಒಪ್ಪಿದರೂ ಪ್ರಶ್ನೆ ಉಳಿಯುತ್ತದೆ: ಬಾಲ್ಕನಿಯ ಬಳ್ಳಿ ಯಾವುದೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಕಾಮಾಲೆ ಬಂದು ಕೂತವರನ್ನು ಡಾಕ್ಟರು ಯಾವ ಮಾತ್ರೆ ತಗೊಳ್ತೀರಿ ಎಂದು ಕೇಳಿದರೆ, ಕಷಾಯ ಮಾತ್ರೆಯಲ್ಲವಲ್ಲ ಎಂದುಕೊಂಡು ಸುಮ್ಮನಾಗುತ್ತೇವೆ. ಬೌರಿಂಗಿಗೆ ಹೋಗಲಿ, ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಗೆ ಹೋಗಲಿ, ಕುಡಿಯುತ್ತಿರುವ ಕಷಾಯದ ಹೆಸರನ್ನು ಕೇಳದಿದ್ದರೂ ಹೇಳಿ. ಹೆಸರು ಗೊತ್ತಿಲ್ಲದಿದ್ದರೆ ಪುಡಿಯ ಪೊಟ್ಟಣವನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ.