ತರಕಾರಿ ಬೀಜ ಕೃಷಿಭವನದಿಂದ, ತುಂಬೆ ಬೀಜ ಬೇಲಿಯಿಂದ

ಕಾಸರಗೋಡು: ಮಳೆಗಾಲದ ತರಕಾರಿ ಚಪ್ಪರದ ಅಡಿಯಲ್ಲಿ ನಿಂತರೆ ಕೆಲವು ಮನೆಗಳಲ್ಲಿ ಒಂದೇ ದೂರು ಕೇಳಿಬರುತ್ತದೆ. ಬಳ್ಳಿ ಚೆನ್ನಾಗಿ ಹಬ್ಬಿದೆ, ಹೂವೂ ಬೇಕಾದಷ್ಟಿದೆ, ಆದರೆ ಹಾಗಲದ ಮಿಡಿಗಳು ಕಿರುಬೆರಳಿನಷ್ಟಾಗುವ ಮೊದಲೇ ಹಳದಿಯಾಗಿ ಉದುರುತ್ತವೆ. ಗೊಬ್ಬರ ಸಾಲದು ಎನ್ನುತ್ತಾರೆ ಕೆಲವರು, ಹಣ್ಣುನೊಣದ ಕಾಟ ಎನ್ನುತ್ತಾರೆ ಇನ್ನು ಕೆಲವರು. ಎರಡೂ ಇರಬಹುದು. ಆದರೆ ಮೂರನೆಯ ಕಾರಣವೊಂದಿದೆ, ಅದನ್ನು ನಾವು ಯೋಚಿಸುವುದು ಕಡಿಮೆ. ಆ ಹೂವಿಗೆ ಜೇನ್ನೊಣ ಬಂದೇ ಇಲ್ಲ.

ಹಾಗಲ, ಸೌತೆ, ಕುಂಬಳಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಮಿಡಿ ಮೊದಲೇ ಇರುತ್ತದೆ. ಗಂಡು ಹೂವಿನ ಪರಾಗ ಅಂಟಂಟು, ಗಾಳಿಗೆ ಹಾರುವಂಥದ್ದಲ್ಲ. ಯಾರಾದರೂ ಹೊತ್ತು ತಂದರೆ ಮಾತ್ರ ಮಿಡಿ ಕಾಯಿಯಾಗುತ್ತದೆ. ಬೆಳಿಗ್ಗೆ ಅರಳುವ ಹಾಗಲ, ಸೌತೆಗಳಲ್ಲಿ ಈ ಕೆಲಸ ಮುಖ್ಯವಾಗಿ ಜೇನ್ನೊಣಗಳದ್ದು. ಸಂಜೆ ಅರಳುವ ಹೀರೆ, ಸೋರೆಗಳಿಗೆ ಮುಸ್ಸಂಜೆ ಹಾರುವ ಪತಂಗಗಳೂ ಬೇಕು.

ಕೇರಳ ಕೃಷಿ ಇಲಾಖೆಯ 'ಓಣಕ್ಕೊಂದು ಮೊರ ತರಕಾರಿ' ಯೋಜನೆ ನಮಗೆಲ್ಲ ಗೊತ್ತು. ಮಲಯಾಳದಲ್ಲಿ 'ಓಣತ್ತಿನ್ ಒರು ಮುರಂ ಪಚ್ಚಕ್ಕರಿ'. ಕೃಷಿಭವನದಿಂದ ತರಕಾರಿ ಬೀಜದ ಪೊಟ್ಟಣ ಸಿಗುತ್ತದೆ. ಕಾಯಿ ಕಚ್ಚಿಸುವ ನೊಣಗಳನ್ನು ಪೊಟ್ಟಣದಲ್ಲಿ ಕೊಡಲಾಗದು. ಅವನ್ನು ಕರೆಯುವ ಬೀಜ ನಮ್ಮ ಬೇಲಿಯಲ್ಲೇ ಇದೆ, ದುಡ್ಡು ಕೊಡಬೇಕಾಗಿಲ್ಲ.

ಜೇನಿಗೆ ಬರಗಾಲ ಮಳೆಗಾಲದಲ್ಲಿ

ನಮಗೆ ಬರಗಾಲವೆಂದರೆ ಎಪ್ರಿಲ್, ಮೇ. ಜೇನಿಗೆ ಹಾಗಲ್ಲ. ಜನವರಿಯಿಂದ ಎಪ್ರಿಲ್ ತನಕ ಅದಕ್ಕೆ ಸುಗ್ಗಿ. ರಬ್ಬರ್ ಚಿಗುರುವಾಗ ಎಲೆಯ ತೊಟ್ಟಿನ ಬಳಿ ಒಸರುವ ಮಕರಂದವೇ ಸಾಕಷ್ಟು ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಮಾತ್ರ ಹೂವೂ ಕಡಿಮೆ, ಹಾರಲು ಬಿಸಿಲೂ ಕಡಿಮೆ. ಜೇನು ಸಾಕುವವರು ಪೆಟ್ಟಿಗೆಗೆ ಸಕ್ಕರೆ ಪಾಕ ಇಡುವುದು ಆಗಲೇ. ನಮ್ಮ ಓಣದ ತರಕಾರಿ ಹೂಬಿಡುವುದೂ ಆಗಲೇ. ಕಾಡಿನ ನೊಣಕ್ಕೆ ಪಾಕ ಇಡುವವರು ಯಾರು?

ಇನ್ನೊಂದು ವಿಷಯ. ನಾವು ಮುಜಂಟಿ ಎನ್ನುವ, ಮಲಯಾಳದಲ್ಲಿ ಚೆರುತೇನ್ ಕೊಡುವ ಸಣ್ಣ ನೊಣ ಗೂಡಿನಿಂದ ಕೆಲವು ನೂರು ಮೀಟರ್‌ಗಿಂತ ಹೆಚ್ಚು ದೂರ ಹೋಗುವುದಿಲ್ಲ. ಆದ್ದರಿಂದ ದೂರದ ಗುಡ್ಡೆಯಲ್ಲಿ ಎಷ್ಟು ಹೂವಿದ್ದರೂ ನಿಮ್ಮ ಚಪ್ಪರಕ್ಕೆ ಪ್ರಯೋಜನ ಇಲ್ಲ. ಹೂವು ಹಿತ್ತಿಲಲ್ಲೇ ಬೇಕು, ತಿಂಗಳು ತಿಂಗಳೂ ಒಂದಲ್ಲ ಒಂದು ಅರಳುತ್ತಿರಬೇಕು.

ಯಾವ ಹೂ, ಯಾರಿಗೆ

ಐದು ಗಿಡಗಳನ್ನು ಮಾತ್ರ ಹೇಳುತ್ತೇನೆ. ಐದೂ ಈ ಮಣ್ಣಿನವು.

ತುಂಬೆ: ಮಲಯಾಳದಲ್ಲಿ ತುಂಬ. ಮಳೆಗಾಲದ ಕೊನೆಗೆ ಅರಳತೊಡಗಿ ಚಳಿಗಾಲದ ತನಕ ಇರುತ್ತದೆ. ತುಡುವೆ, ಮುಜಂಟಿ ಎರಡಕ್ಕೂ ಇಷ್ಟ.

ಕರ್ಣಕುಂಡಲ: ಮಲಯಾಳದ ಹೆಸರು ಕಾಶಿತ್ತುಂಬ. ಹೆಸರು ಕೇಳಿ ತುಂಬೆಯ ಜಾತಿ ಎಂದುಕೊಳ್ಳಬೇಡಿ, ಎರಡಕ್ಕೂ ಸಂಬಂಧ ಇಲ್ಲ. ಮಳೆಯ ನಡುವೆಯೇ ಹೂಬಿಡುವುದು ಇದರ ಗುಣ.

ನೆಕ್ಕರಿಕ: ತುಳುವಿನಲ್ಲಿ ನೆಕ್ಕರೆ, ಮಲಯಾಳದಲ್ಲಿ ಅದಿರಾಣಿ. ಹಣ್ಣು ತಿಂದು ನಾಲಗೆ ನೀಲಿ ಮಾಡಿಕೊಳ್ಳದ ಮಕ್ಕಳು ಹಿಂದೆ ಇರಲಿಲ್ಲ. ಇದರ ನೇರಳೆ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಅದೂ ಸಣ್ಣ ತೂತಿನ ಕೊಳವೆಯಲ್ಲಿ ಅಡಗಿರುತ್ತದೆ. ಮರ ಕೊರೆಯುವ ಕಪ್ಪು ದುಂಬಿ ಹೂವನ್ನು ಹಿಡಿದು ಝುಂಯ್ ಎಂದು ನಡುಗಿಸಿದರೆ ಪರಾಗ ಉದುರುತ್ತದೆ. ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಬದನೆ, ಟೊಮೆಟೊ ಹೂಗಳ ರಚನೆಯೂ ಹೀಗೆಯೇ. ನೆಕ್ಕರಿಕ ಇದ್ದಲ್ಲಿ ದುಂಬಿ, ದುಂಬಿ ಇದ್ದಲ್ಲಿ ಬದನೆಗೆ ಲಾಭ.

ಗಿಜಿಗಿಜಿ ಗಿಡ: ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು. ಮಲಯಾಳದಲ್ಲಿ ಕಿಲುಕಿಲುಕ್ಕಿ. ಹಳದಿ ಹೂವಿಗೆ ದುಂಬಿ ಬರುತ್ತದೆ, ಒಣಗಿದ ಗಿಡಕ್ಕೂ ನೀಲಿ ಪಟ್ಟೆಯ ಚಿಟ್ಟೆಗಳು ಮುತ್ತುತ್ತವೆ. ಗಿಡದಲ್ಲಿ ವಿಷಾಂಶ ಇದೆ, ದನ, ಆಡು ಮೇಯದಂತೆ ನೋಡಿಕೊಳ್ಳಿ.

ಕೇಪಳ: ಮಲಯಾಳದ ತೆಚ್ಚಿ. ಹೂವಿನ ಕೊಳವೆ ಉದ್ದವಾದ್ದರಿಂದ ಉದ್ದ ಸೊಂಡಿಲಿನ ಚಿಟ್ಟೆಗಳಿಗೇ ಇದು ಮೀಸಲು. ಹೆಚ್ಚುಕಡಿಮೆ ವರ್ಷವಿಡೀ ಹೂವಿರುತ್ತದೆ.

ಬೀಜ ತೆಗೆಯುವ ಕ್ರಮ

ಬೀಜ ಬಲಿಯುವ ತನಕ ಕಾಯುವುದೇ ಅರ್ಧ ಕೆಲಸ. ತುಂಬೆಯ ಗೊಂಚಲು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದು ಕಾಗದದ ಚೀಲದಲ್ಲಿ ತಲೆಕೆಳಗಾಗಿ ತೂಗಿಡಿ. ಒಣಗಿದಾಗ ಅಂಗೈಯಲ್ಲಿ ಉಜ್ಜಿದರೆ ಕಂದು ಬೀಜ ಬೀಳುತ್ತದೆ. ಒಂದು ಹೂವಿಗೆ ಹೆಚ್ಚೆಂದರೆ ನಾಲ್ಕೇ ಬೀಜ.

ಕರ್ಣಕುಂಡಲದ ಕಾಯಿ ಮುಟ್ಟಿದರೆ ಸಿಡಿಯುತ್ತದೆ, ಬೀಜ ನಾಲ್ಕು ಕಡೆಗೆ ಹಾರುತ್ತದೆ. ಕಾಯಿ ಉಬ್ಬಿ ಬಣ್ಣ ಮಾಸುವಾಗ ತೆಳು ಬಟ್ಟೆಯ ಚೀಲ ಕಟ್ಟಿಬಿಡಿ. ಗಿಜಿಗಿಜಿ ಕಾಯಿ ಸದ್ದು ಮಾಡತೊಡಗಿದರೆ ಬಲಿತಿದೆ ಎಂದು ಲೆಕ್ಕ. ನೆಕ್ಕರಿಕದ ಹಣ್ಣು ಒಡೆದು ಕಪ್ಪು ತಿರುಳು ಕಂಡಾಗ, ಕೇಪಳದ ಹಣ್ಣು ಕಪ್ಪು ಕೆಂಪಾದಾಗ ಕೊಯ್ದು ತಿರುಳು ತೊಳೆಯಬೇಕು. ಈ ಎರಡನ್ನು ತುಂಬಾ ದಿನ ಇಡಬೇಡಿ, ಹಸಿಯಾಗಿಯೇ ಬಿತ್ತಿ.

ಉಳಿದ ಬೀಜಗಳನ್ನು ನೆರಳಿನಲ್ಲಿ ಒಂದು ವಾರ ಒಣಗಿಸಿ, ಕಾಗದದಲ್ಲಿ ಕಟ್ಟಿ ಗಾಜಿನ ಬಾಟಲಿಯಲ್ಲಿಡಿ. ಮೇಲೆ ಹೆಸರು, ಕೊಯ್ದ ತಿಂಗಳು ಬರೆಯಿರಿ. ಕನ್ನಡ, ಮಲಯಾಳ ಎರಡರಲ್ಲೂ ಬರೆದರೆ ನೆರೆಮನೆಯವರಿಗೆ ಕೊಡುವಾಗ ಗೊಂದಲ ಇಲ್ಲ.

ಒಂದು ಜಾಗದ ಬೀಜವನ್ನೆಲ್ಲ ಬರಿದು ಮಾಡಬೇಡಿ, ಹತ್ತರಲ್ಲಿ ಒಂದು ಪಾಲು ಸಾಕು. ಕೆಂಪು ಕಲ್ಲಿನ ಪಾರೆಗಳಲ್ಲಿ ಮಳೆಗಾಲಕ್ಕೆ ನೀಲಿ ಹಾಸುವ ಕಾಕಪ್ಪೂವನ್ನು ಕೀಳಲೇಬೇಡಿ. ಅದು ನೀರು ನಿಂತ ಪಾರೆಯಲ್ಲಿ ಕಿರುಜೀವಿ ಹಿಡಿದು ಬದುಕುವ ಗಿಡ, ಹಿತ್ತಿಲಲ್ಲಿ ಬದುಕದು.

ಬಿತ್ತುವ ಹೊತ್ತು

ಪತ್ತನಾಜೆ ಕಳೆದು ಮೊದಲ ಮಳೆಗೆ ಮಣ್ಣು ತಣಿದಾಗ ಬಿತ್ತನೆಗೆ ಸಮಯ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಸಣ್ಣ ಬೀಜವನ್ನು ಬರಿ ನೆಲಕ್ಕೆ ಎರಚಿದರೆ ಒಂದೇ ಮಳೆಗೆ ತೋಡು ಸೇರುತ್ತದೆ. ಬೀಜದ ನಾಲ್ಕೈದು ಪಾಲು ಮರಳು ಬೆರೆಸಿ, ಕಟ್ಟೆಯಂತೆ ಎತ್ತರಿಸಿದ ಸಾಲಿನಲ್ಲಿ ಉದುರಿಸಿ, ಮೇಲೆ ತೆಳುವಾಗಿ ತೆಂಗಿನ ಗರಿ ಹರಡಿ. ಮೊಳಕೆ ಕಂಡ ಕೂಡಲೇ ಗರಿ ತೆಗೆಯಿರಿ. ಬೀಜದ ದಪ್ಪದ ಎರಡರಷ್ಟು ಮಣ್ಣು ಮುಚ್ಚಿದರೆ ಸಾಕು.

ಗಿಜಿಗಿಜಿ ಬೀಜದ ಸಿಪ್ಪೆ ಗಟ್ಟಿ. ಮರಳು ಕಾಗದದಲ್ಲಿ ಹಗುರವಾಗಿ ಉಜ್ಜಿ, ಬಿಸಿ ನೀರು ಹೊಯ್ದು ರಾತ್ರಿಯಿಡೀ ಬಿಡಿ. ನೆಕ್ಕರಿಕದ ಬೀಜ ಧೂಳಿನಷ್ಟು ಸಣ್ಣದು, ಬೆಳಕಿದ್ದರೆ ಮಾತ್ರ ಮೊಳೆಯುತ್ತದೆ. ಚಟ್ಟಿಯಲ್ಲಿ ಮಣ್ಣಿನ ಮೇಲೆಯೇ ಉದುರಿಸಿ, ಮುಚ್ಚದೆ, ಮಾಡಿನ ನೀರು ಬೀಳದ ಜಗಲಿಯಲ್ಲಿಟ್ಟು ನೀರು ಚಿಮುಕಿಸಿ. ಕೇಪಳವೂ ಚಟ್ಟಿಯಲ್ಲೇ. ಇವೆರಡಕ್ಕೂ ತಾಳ್ಮೆ ಬೇಕು, ಹೂ ನೋಡಲು ಮರುವರ್ಷವೂ ಕಾಯಬೇಕಾದೀತು. ತುಂಬೆ, ಕರ್ಣಕುಂಡಲ ಅದೇ ವರ್ಷ ಅರಳುತ್ತವೆ. ಸೆಪ್ಟೆಂಬರಿನಲ್ಲಿ ಮಳೆ ತಗ್ಗಿದಾಗ ತುಂಬೆಯನ್ನು ಇನ್ನೊಂದು ಸಲ ಬಿತ್ತಿದರೆ ಚಳಿಗಾಲಕ್ಕೂ ಹೂವಾಯಿತು.

ನೊಣಗಳಿಗೆ ಹೂವಿನ ಜತೆ ಮನೆಯೂ ಬೇಕು. ಒಂಟಿಯಾಗಿ ಬದುಕುವ ಎಷ್ಟೋ ನೊಣಗಳು ನೆಲದಲ್ಲಿ ಬಿಲ ತೋಡುತ್ತವೆ. ಮಳೆ ನೀರು ನಿಲ್ಲದ ಒಂದು ಮೂಲೆಯನ್ನು ಸಿಮೆಂಟು ಹಾಕದೆ ಬರಿ ಮಣ್ಣಾಗಿ ಬಿಡಿ. ಒಣಗಿದ ಬಿದಿರಿನ ತುಂಡು ಮಾಡಿನಡಿ ಇದ್ದರೆ ದುಂಬಿಗೆ ಸಾಕು.

ಯಾವುದು ಬೇಡ

ಲಂಟಾನಕ್ಕೂ, ಕಮ್ಯೂನಿಸ್ಟ್ ಪಚ್ಚಕ್ಕೂ ಚಿಟ್ಟೆ ಬರುತ್ತದೆ ನಿಜ. ಅವು ಹೊರನಾಡಿನಿಂದ ಬಂದು ಸ್ಥಳೀಯ ಗಿಡಗಳನ್ನು ಉಸಿರುಗಟ್ಟಿಸುವಂಥವು, ನೆಡಬೇಡಿ. ಬಣ್ಣದ ಚಿತ್ರ ಹಾಕಿ ಮಾರುವ 'ಕಾಡುಹೂ ಮಿಶ್ರಣ'ದ ಪೊಟ್ಟಣ ತೆಗೆದುಕೊಳ್ಳುವ ಮೊದಲು ಒಳಗೆ ಯಾವ ಗಿಡ ಎಂದು ಓದಿ. ಅನೇಕ ಪೊಟ್ಟಣಗಳಲ್ಲಿ ಇರುವುದು ಹೊರದೇಶದ ಹೂಗಳು.

ವಿಷದ ವಿಚಾರ ಈ ಜಿಲ್ಲೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಾಲದಲ್ಲಿ, ಮನುಷ್ಯರ ಕಾಯಿಲೆ ಸುದ್ದಿಯಾಗುವ ಮೊದಲೇ ಜೇನು ಸತ್ತದ್ದನ್ನು ಊರವರು ಕಂಡಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶಕ್ಕೇ ತಡೆಯಿತು. ಆದರೆ ನೊಣ ಕೊಲ್ಲುವ ಬೇರೆ ಔಷಧಗಳು ಅಂಗಡಿಯಲ್ಲಿವೆ. ಹೂ ಅರಳಿರುವ ಗಿಡಕ್ಕೆ ಯಾವುದನ್ನೂ ಹೊಡೆಯಬೇಡಿ.

ಸವರುವ ಮೊದಲು

ಚಿಂಗಂ ತಿಂಗಳೇ ನಮ್ಮ ಸೋಣ. ನೆರೆಮನೆಯಲ್ಲಿ ಪೂಕ್ಕಳಕ್ಕೆ ತುಂಬೆ ಬೇಕು, ನಮ್ಮ ಮನೆಯಲ್ಲಿ ಹೊಸ್ತಿಲು ಪೂಜೆಗೆ ಹೂ ಬೇಕು. ಈಗ ಓಣಕ್ಕೆ ಗುಂಡ್ಲುಪೇಟೆಯ ಕಡೆಯಿಂದ ಚೆಂಡುಹೂ ಲಾರಿಯಲ್ಲಿ ಬರುತ್ತದೆ. ಬೇಲಿಯ ತುಂಬೆ ಕಡಿಮೆಯಾಗಲು ಮುಖ್ಯ ಕಾರಣ ನಮ್ಮ ಆತುರ. ಪೆಟ್ರೋಲ್ ಯಂತ್ರದಿಂದ ಹುಲ್ಲು ಸವರುವಾಗ ಬೀಜವಾಗದ ತುಂಬೆಯೂ ಹೋಗುತ್ತದೆ. ಒಂದು ವರ್ಷದ ಗಿಡ ಬೀಜ ಉದುರಿಸದೆ ಹೋದರೆ ಮುಂದಿನ ಮಳೆಗೆ ಮೊಳೆಯಲು ಹೊಸ ಬೀಜ ಇರುವುದಿಲ್ಲ. ನಡೆಯುವ ದಾರಿ ಸವರಿ, ಹಾವಿನ ಭಯ ಇರುವ ಅಂಗಳದ ಸುತ್ತ ಸವರಿ. ಬೇಲಿ ಬದಿಯ ಎರಡು ಮಾರು ಅಗಲವನ್ನು ಜನವರಿಯ ತನಕ ಬಿಡಿ. ತುಂಬೆ ಒಣಗಿ ಬೀಜ ಬಿದ್ದ ಮೇಲೆ ಧಾರಾಳವಾಗಿ ಸವರಬಹುದು. ಅಷ್ಟು ಮಾಡಿದರೆ ಮರುವರ್ಷ ಬಿತ್ತುವ ಕೆಲಸವೂ ಅರ್ಧ ಕಡಿಮೆಯಾಗುತ್ತದೆ.