ಮದ್ದುಸೊಪ್ಪು: ಬಾಣೆಯಿಂದ ಹಿತ್ತಲಿಗೆ

ಬೆಟ್ಟದ ಕಾಡುಪೊದೆಯನ್ನು ಮನೆಯ ತೋಟಕ್ಕೆ ತಂದು ಬೆಳೆಸಬಯಸುವವರು ಮೊದಲು ಶೀತವನ್ನು ಕುರಿತು ಚಿಂತಿಸುತ್ತಾರೆ. ಹಿಮ ಬೀಳುವ ನಾಡುಗಳಲ್ಲಿ ಅದು ಯುಕ್ತವೇ. ಆದರೆ ಕೊಡಗಿನ ಶೀತ ಹಿಮದ್ದಲ್ಲ. ವಾರಗಟ್ಟಲೆ ಬಿಸಿಲು ಕಾಣದೆ ಸುರಿಯುವ ಮಳೆಯದು. ಅದನ್ನು ಸಹಿಸುವುದು ಮಾತ್ರವಲ್ಲದೆ ಅದರಲ್ಲಿಯೇ ಸೊಂಪಾಗಿ ಚಿಗುರುವ ಪೊದೆಯೊಂದು ಇಲ್ಲಿಯ ಹಿತ್ತಲುಗಳಲ್ಲಿ ಉಂಟು. ಕೊಡವರು ಅದನ್ನು ಮದ್ದ್‌ತೊಪ್ಪ್ ಎಂದೂ, ಅರೆಭಾಷೆಯನ್ನಾಡುವ ಗೌಡರು ಆಟಿಸೊಪ್ಪು ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಜಸ್ಟೀಶಿಯ ವೈನಾಡೆನ್ಸಿಸ್ ಎಂದು ಹೆಸರು. ಹೆಸರಿನಲ್ಲಿ ವಯನಾಡೊಂದೇ ಸೇರಿಕೊಂಡಿದ್ದರೂ ನೀಲಗಿರಿಯೂ ಕೊಡಗೂ ಅದಕ್ಕೆ ಅಷ್ಟೇ ತವರು. ನಮಗೆಲ್ಲ ಪರಿಚಿತವಾದ ಆಡುಸೋಗೆ ಇದರ ಹತ್ತಿರದ ಬಂಧು. ಚರಿತ್ರೆಯ ಅಧ್ಯಾಪಕರಿಗೆ ಈ ಗಿಡದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಇದು ಹಿತ್ತಲಿಗೆ ಬಂದು ನೆಲಸಿದ ಬಗೆಯಲ್ಲಿ ಕೊಡಗಿನ ಭೂಮಿಯ ಚರಿತ್ರೆಯ ಒಂದು ಭಾಗ ಅಡಗಿದೆ ಎಂಬುದೇ ನಮ್ಮ ಉತ್ತರ.

ಮೊದಲು ಆಚರಣೆಯ ವಿಷಯ. ಸೂರ್ಯನು ಕರ್ಕಾಟಕ ರಾಶಿಯನ್ನು ಪ್ರವೇಶಿಸುವ ಜುಲೈ ಮಧ್ಯಭಾಗದಲ್ಲಿ ಕೊಡಗಿನ ಕಕ್ಕಡ ಮಾಸ ಮೊದಲಾಗುತ್ತದೆ. ತುಳುನಾಡಿನ ಆಟಿಯೂ ಇದೇ. ಗದ್ದೆಗಳಲ್ಲಿ ನಾಟಿಯ ಕೆಲಸ, ಮೈಯೆಲ್ಲ ಕೆಸರು, ಒಣಗದ ಬಟ್ಟೆ. ಈ ಮಾಸದ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ ೩ರ ಸುಮಾರಿಗೆ, ಸೊಪ್ಪನ್ನು ಎಳೆಯ ಕಾಂಡಸಹಿತ ನೀರಿನಲ್ಲಿ ಕುದಿಸಿ ಸೋಸುತ್ತಾರೆ. ಹಸಿರೆಲೆಯಿಂದ ಕಡುನೇರಳೆಯ ರಸವಿಳಿಯುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ಕಾಯಿಹಾಲು ಬೆರೆಸಿದರೆ ಪಾಯಸ. ಅಕ್ಕಿತರಿಯಿಂದ ಮಾಡಿದರೆ ಪುಟ್ಟು, ಅದಕ್ಕೆ ತುಪ್ಪ ಅಥವಾ ಜೇನು. ಮರುದಿನ ಮೂತ್ರ ಕೆಂಪಾಗುವುದನ್ನು ಹಿರಿಯರು ಮದ್ದು ಮೈಗೆ ಹತ್ತಿದ ಗುರುತೆಂದು ಎಣಿಸುತ್ತಾರೆ.

ಅಂದು ಈ ಗಿಡದಲ್ಲಿ ಹದಿನೆಂಟು ಮದ್ದುಗಳು ಕೂಡಿಕೊಳ್ಳುವುವೆಂಬ ನಂಬಿಕೆಯಿದೆ. ಎಲೆಯಲ್ಲಿ ಫೀನಾಲಿಕ್ ಮತ್ತು ಫ್ಲೇವನಾಯ್ಡ್ ವರ್ಗದ ವಸ್ತುಗಳಿರುವುದನ್ನು ಪ್ರಯೋಗಶಾಲೆಗಳು ಕಂಡುಕೊಂಡಿವೆ. ಆದರೆ ಅವು ಅನೇಕ ಸೊಪ್ಪುಗಳಲ್ಲಿಯೂ ಉಂಟು. ಹದಿನೆಂಟೆಂಬುದು ಮದ್ದುಗಳ ಎಣಿಕೆಯಲ್ಲ, ದಿನದ ಎಣಿಕೆಯೇ ಮದ್ದಿಗೆ ಹತ್ತಿಕೊಂಡದ್ದು ಎಂದು ನಮಗೆ ತೋರುತ್ತದೆ. ಇದಕ್ಕೆ ಪಂಚಾಂಗವೂ ಒಂದು ಆಧಾರ. ನಮ್ಮ ನಿರಯನ ಸೌರವರ್ಷವು ಋತುಗಳ ವರ್ಷಕ್ಕಿಂತ ಸುಮಾರು ೨೦ ನಿಮಿಷ ದೀರ್ಘವಾದುದರಿಂದ, ಸುಮಾರು ೭೦ ವರ್ಷಗಳಿಗೆ ಒಂದು ದಿನದಂತೆ ಸಂಕ್ರಮಣಗಳು ಮುಂದಕ್ಕೆ ಸರಿಯುತ್ತವೆ. ಐನೂರು ವರ್ಷಗಳ ಹಿಂದೆ ಇದೇ ಹದಿನೆಂಟನೆಯ ದಿನ ಋತುಮಾನದಲ್ಲಿ ಒಂದು ವಾರ ಮೊದಲೇ ಬರುತ್ತಿದ್ದಿರಬೇಕು. ಗಿಡಕ್ಕೆ ಪಂಚಾಂಗ ತಿಳಿಯದು, ಮಳೆ ತಿಳಿಯುತ್ತದೆ. ಹಾಗೆಂದು ಆ ದಿನವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಗೊತ್ತಾದ ದಿನವೊಂದು ಇರುವುದರಿಂದಲೇ ವರ್ಷಕ್ಕೊಮ್ಮೆಯಾದರೂ ಗಿಡವನ್ನು ನೆನೆಯುತ್ತಾರೆ.

ಇನ್ನು ಭೂಮಿಯ ವಿಷಯ. ಕೊಡಗಿನ ಜಮ್ಮಾ ಗದ್ದೆಗಳಿಗೆ ಹೊಂದಿಕೊಂಡಂತೆ ಬಾಣೆಯೆಂಬ ಕಾಡುಭೂಮಿಯಿರುತ್ತಿತ್ತು. ಗೊಬ್ಬರಕ್ಕೆ ಸೊಪ್ಪು, ಒಲೆಗೆ ಸೌದೆ, ದನಗಳಿಗೆ ಮೇವು ಇವೆಲ್ಲ ಬಾಣೆಯಿಂದ. ಮದ್ದುಸೊಪ್ಪೂ ಇಂತಹ ನೆರಳಿನ ಜಾಗದ ಗಿಡವೇ. ೧೮೩೪ರಲ್ಲಿ ಕೊಡಗು ಕಂಪನಿ ಸರಕಾರದ ವಶವಾಯಿತು. ೧೮೫೪ರಲ್ಲಿ ಫೌಲರ್ ಎಂಬವನು ಮಡಿಕೇರಿಯಲ್ಲಿ ಯುರೋಪಿಯನರ ಮೊದಲ ಕಾಫಿತೋಟವನ್ನು ತೆರೆದನು. ಸಿದ್ದಾಪುರ, ಪಾಲಿಬೆಟ್ಟಗಳ ಪೂರ್ವಸೀಮೆಯನ್ನು ಅಲ್ಲಿಯ ಬಿದಿರಿನ ಕಾರಣದಿಂದ ಬಿಳಿಯ ತೋಟಗಾರರು ಬಿದಿರು ಜಿಲ್ಲೆಯೆಂದೇ ಕರೆಯುತ್ತಿದ್ದರು. ಮೊದಲಲ್ಲಿ ಕಾಡನ್ನು ಬೋಳಾಗಿ ಕಡಿದು ಕಾಫಿ ನೆಟ್ಟರು. ೧೮೬೦ರ ದಶಕದಲ್ಲಿ ಕಾಂಡಕೊರಕ ಹುಳು ತೋಟಗಳನ್ನು ಹಾಳುಗೆಡವಿದ ಮೇಲೆ ನೆರಳುಮರಗಳ ಬೆಲೆ ತಿಳಿಯಿತು. ಕ್ರಮೇಣ ಬಾಣೆಗಳಲ್ಲಿಯೂ ಕಾಫಿ ಹಬ್ಬಿತು. ನೆರಳಂತೂ ಉಳಿಯಿತು, ಆದರೆ ಕಾಫಿಯ ಕೆಳಗೆ ತಾನಾಗಿ ಹುಟ್ಟಿದ ಪೊದೆ ತೋಟದ ಲೆಕ್ಕದಲ್ಲಿ ಕಳೆ. ವರ್ಷವರ್ಷವೂ ಕತ್ತಿ, ಈಚೆಗೆ ಕಳೆನಾಶಕ. ಈ ಪೊದೆ ತೋಡಿನ ಅಂಚಿಗೂ ಬೇಲಿಗೂ ಐನ್‌ಮನೆಯ ಹಿತ್ತಲಿಗೂ ಸರಿದುದು ಹೀಗೆಯೇ ಇರಬೇಕೆಂದು ನಮ್ಮ ಊಹೆ. ಈಗ ಆಗಸ್ಟ್ ಬಂತೆಂದರೆ ಸೊಪ್ಪಿನ ಕಟ್ಟುಗಳು ಕೊಡಗಿನ ಪೇಟೆಗಳಲ್ಲಿಯೂ ಮೈಸೂರು, ಬೆಂಗಳೂರುಗಳಲ್ಲಿಯೂ ಮಾರಾಟಕ್ಕೆ ಬರುತ್ತವೆ. ಅವೆಲ್ಲವೂ ಹಿತ್ತಲಿನವಲ್ಲ. ಕೊಳ್ಳುವವರು ಹೆಚ್ಚಿ ಬೆಳೆಸುವವರು ಕಡಮೆಯಾದರೆ ಕಾಡಂಚಿನಲ್ಲಿ ಉಳಿದಿರುವುದೂ ಬುಡಸಹಿತ ಹೋಗುವುದರಲ್ಲಿ ಸಂದೇಹವಿಲ್ಲ.

ಬೆಳೆಸುವುದಾದರೋ ಕಷ್ಟವೇನಲ್ಲ. ಜೂನ್ ಜುಲೈ ತಿಂಗಳಲ್ಲಿ, ತೀರ ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ ಕಾಂಡವನ್ನು ಗೇಣುದ್ದ ಕತ್ತರಿಸಬೇಕು. ಗೆಣ್ಣುಗಳು ಉಬ್ಬಿಕೊಂಡಿರುವುದರಿಂದ ಗುರುತಿಸುವುದು ಸುಲಭ. ಕೆಳಗಿನ ಎಲೆಗಳನ್ನು ತೆಗೆದು ಒಂದೆರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ನೆಟ್ಟರೆ ಮಳೆಯೇ ಬೇರು ಬಿಡಿಸುತ್ತದೆ. ಹಲಸಿನ ಅಥವಾ ಹಾಲವಾಣದ ಚದುರಿದ ನೆರಳು, ತರಗೆಲೆ ಕೊಳೆತ ಸಡಿಲ ಮಣ್ಣು, ನೀರು ನಿಲ್ಲದ ಇಳಿಜಾರು ಇಷ್ಟಿದ್ದರೆ ಸಾಕು. ಮೇಲೆ ಹೇಳಿದಂತೆ ಶೀತದ ಭಯವಿಲ್ಲ. ಭಯವಿರುವುದು ಜನವರಿಯಿಂದ ಹೂಮಳೆಯವರೆಗಿನ ಒಣಹವೆಯದು. ಸಿದ್ದಾಪುರದ ಕಡೆ ಮಳೆ ಭಾಗಮಂಡಲದಷ್ಟಿಲ್ಲವಾದುದರಿಂದ ಇಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಬುಡಕ್ಕೆ ತರಗು ಮುಚ್ಚಿ, ಬಚ್ಚಲ ನೀರು ಹಾಯುವೆಡೆ ನೆಡುವ ಹಳೆಯ ರೂಢಿ ವಿವೇಕದ್ದು. ಸಾಬೂನಿನ ನೀರಾದರೆ ಬೇಡ. ಆಗಸ್ಟಿನ ಕೊಯ್ಲೇ ಸವರುವಿಕೆಯೂ ಹೌದು: ಬುಡದ ಮೇಲೆ ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಿದರೆ ಮತ್ತೆ ಕವಲೊಡೆಯುತ್ತದೆ. ಪಟ್ಟಣದಲ್ಲಿ ನೆರಳಿರುವ ಮೂಲೆಯ ಕುಂಡದಲ್ಲಿಯೂ ಬದುಕೀತು.

ಗಿಡವನ್ನು ಎಲ್ಲಿಂದ ತರಬೇಕೆಂಬುದು ಮುಖ್ಯ. ಇದೇ ಕುಟುಂಬದ ಬೇರೆ ಪೊದೆಗಳೂ ನೋಡಲು ಹೀಗೆಯೇ ಇರುವುದರಿಂದ ಕಾಡಿನಲ್ಲಿ ಎಲೆ ನೋಡಿ ಕೀಳುವುದು ಸಲ್ಲದು. ವರ್ಷವರ್ಷವೂ ಅದನ್ನು ಉಂಡುಬಂದಿರುವ ಮನೆಯಿಂದ ಕಡ್ಡಿ ಬೇಡಿ ತರಬೇಕು. ಕಡ್ಡಿಯಿಂದ ಬೆಳೆದದ್ದು ತಾಯಿಗಿಡದ ಸಂತಾನವಲ್ಲ, ತಾಯಿಗಿಡವೇ. ಬೀಜದಿಂದ ಹುಟ್ಟಿದುದಕ್ಕೆ ಈ ಮಾತು ಸಲ್ಲದು. ಮದುವೆಯಾಗಿ ಬಂದ ಸೊಸೆ ತವರಿನಿಂದ ತಂದು ನೆಟ್ಟ ಕಡ್ಡಿಯಾದರೆ, ಈಗ ಕಾಫಿಯಡಿ ಕಾಣೆಯಾಗಿರುವ ಯಾವುದೋ ಬಾಣೆಯ ಗಿಡವೇ ಅವಳ ಹಿತ್ತಲಿನಲ್ಲಿ ಇನ್ನೂ ನಿಂತಿರುವುದು ಸಾಧ್ಯ. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಹಿತ್ತಲಿನ ಗಿಡ ಯಾವ ಮನೆಯಿಂದ, ಯಾರ ಕೈಯಲ್ಲಿ, ಸುಮಾರು ಯಾವ ವರ್ಷ ಬಂದುದೆಂದು ಅಜ್ಜಿಯರನ್ನು ಕೇಳಿ ಬರೆದುಕೊಂಡು ಬರಲಿ. ಬರುವಾಗ ಒಂದು ಕಡ್ಡಿಯನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ತರಲಿ.