ಮೈಕು 'ಕುಂಯ್' ಅನ್ನೋದು ಯಾಕೆ?

ಗಣೇಶನ ಪೆಂಡಾಲಿನಲ್ಲಿ ಪುಟ್ಟ ಹುಡುಗಿ ಹಾಡೋಕೆ ನಿಂತಳು. ಬಾಯಿ ತೆರೆಯೋ ಮೊದಲೇ ಮೈಕು 'ಕುಂಯ್' ಅಂತು. ಪಾಪ, ಮಗು ಬೆದರಿ ಹಿಂದೆ ಸರಿಯಿತು.

ತಪ್ಪು ಅವಳದ್ದಲ್ಲ. ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕಿದೆ. ಆಂಪ್ಲಿಫೈಯರ್ ಅದನ್ನು ಜೋರು ಮಾಡಿ ಸ್ಪೀಕರಿಗೆ ಕೊಡುತ್ತೆ, ಅದು ಪುನಃ ಮೈಕಿಗೆ. ನಡುವೆ 3 ಮೀಟರ್ ಅಂತರ ಇದ್ದರೆ ಒಂದೇ ಸೆಕೆಂಡಿನಲ್ಲಿ 100ಕ್ಕೂ ಹೆಚ್ಚು ಸುತ್ತು!

ಸ್ಪೀಕರನ್ನು ಮೈಕಿಗಿಂತ ಮುಂದಕ್ಕೆ, ಜನರ ಕಡೆ ತಿರುಗಿಸಿ ಇಡಿ. ಮೈಕು ಬಾಯಿಗೆ ಹತ್ತಿರ ಇರಲಿ, ಆಗ ವಾಲ್ಯೂಮ್ ತಗ್ಗಿಸಬಹುದು. ಸ್ಟೈಲಿಗೆ ಅಂತ ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಲೇಬೇಡಿ. ವೇದಿಕೆಯ ಬಹುಪಾಲು ಕೈಮೈಕುಗಳು ಹಿಂದಿನ ಸದ್ದನ್ನು ಕಡಿಮೆ ಹಿಡಿಯುತ್ತವೆ. ಮುಚ್ಚಿದರೆ ಆ ಗುಣವೇ ಹೋಗುತ್ತೆ.

ಸರಿಮಾಡಿದಿರಾ? ಆ ಹುಡುಗಿಯನ್ನು ಇನ್ನೊಮ್ಮೆ ವೇದಿಕೆಗೆ ಕರೆಯಿರಿ.